ತೇಪೆ ಸಾಕು, ಹಿಟ್ಲರ್ ಬೇಡ

ನಮಸ್ಕಾರ.

ನಿಮ್ಮ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನೀವು ವೇಲ್ಸ್‌ನ ವೃದ್ಧಾಶ್ರಮವೊಂದರಲ್ಲಿ ನರ್ಸ್. ಅಲ್ಲಿನ ಅಜ್ಜಿಯೊಬ್ಬರು ಎರಡನೇ ಮಹಾಯುದ್ಧದ ಕಾಲದ ನೆನಪು ಹೇಳಿದ್ದಾರೆ. 1942ರಲ್ಲಿ ಅವರಿಗೆ ಏಳು ವರ್ಷ. ಅಪ್ಪನ ಹೊಲಕ್ಕೆ ಲಾರಿಯಲ್ಲಿ ಇಟಲಿಯ ಯುದ್ಧಕೈದಿಗಳು ಕೆಲಸಕ್ಕೆ ಬರುತ್ತಿದ್ದರು. ಇಂಥ ವಸ್ತು ಕೈಯಲ್ಲಿಟ್ಟುಕೊಂಡು ನೀವು ಮೊದಲ ಎರಡು ಪುಟವನ್ನು ಹಿಟ್ಲರ್, ಮುಸೊಲಿನಿ, ಚರ್ಚಿಲ್‌ಗೆ ಕೊಟ್ಟಿದ್ದೀರಿ. ಅಜ್ಜಿ ಬಾಯಿ ಬಿಡುವುದು ಮೂರನೇ ಪುಟದಲ್ಲಿ. ಅಲ್ಲಿಯವರೆಗೆ ಯಾರು ಕಾಯುತ್ತಾರೆ?

ಹಿನ್ನೆಲೆಗೆ ನಾಲ್ಕು ಸಾಲು ಸಾಕು. ಬ್ರಿಟನ್ನಿನ ಹೊಲಗಳಲ್ಲಿ ಆಳು ಸಾಲುತ್ತಿರಲಿಲ್ಲ. ಉತ್ತರ ಆಫ್ರಿಕಾದಲ್ಲಿ ಲಕ್ಷಕ್ಕೂ ಹೆಚ್ಚು ಇಟಲಿ ಸೈನಿಕರು ಸೆರೆಸಿಕ್ಕಿದ್ದರು. 1929ರ ಜಿನೀವಾ ಒಪ್ಪಂದದ ಪ್ರಕಾರ ಕೈದಿಗಳನ್ನು ಯುದ್ಧಕ್ಕೆ ನೇರ ಸಂಬಂಧವಿರುವ ಕೆಲಸಕ್ಕೆ ಹಚ್ಚುವಂತಿರಲಿಲ್ಲ, ಬೇಸಾಯಕ್ಕೆ ಅಡ್ಡಿಯಿರಲಿಲ್ಲ. 1941ರ ಜುಲೈನಲ್ಲಿ ಮೊದಲ ತಂಡ ಬಂತು.

ಈಗ ನಿಮ್ಮ ಲೇಖನದ ಚಿನ್ನದಂಥ ಸಾಲು. ಕೈದಿಗಳ ಕಂದು ಬಟ್ಟೆಯ ಬೆನ್ನಿಗೆ ಬೇರೆ ಬಣ್ಣದ ದುಂಡನೆ ತೇಪೆ ಹೊಲಿದಿರುತ್ತಿದ್ದರು, ತಪ್ಪಿಸಿಕೊಂಡರೆ ಗುರುತು ಸಿಗಲಿ ಅಂತ. ಅಜ್ಜಿ ಹೇಳುತ್ತಾರೆ: "ಪಾಪ, ಇವರಮ್ಮನಿಗೆ ಅದೇ ಬಣ್ಣದ ಬಟ್ಟೆ ಸಿಗಲಿಲ್ಲವೇನೋ ಅಂದುಕೊಂಡಿದ್ದೆ." ಓದಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮುಂದಿನ ಸಾಲಿನಲ್ಲೇ ನೀವು "ಯುದ್ಧದ ಕ್ರೌರ್ಯಕ್ಕೆ ಮುಗ್ಧತೆ ನೀಡಿದ ಉತ್ತರವಿದು" ಎಂದು ಬರೆದು ಕೆಡಿಸಿದಿರಿ. ಅದನ್ನು ಹೊಡೆದುಹಾಕಿ. ಲೇಖನವೇ ತೇಪೆಯಿಂದ ಶುರುವಾಗಲಿ.

ಇಸವಿಗಳ ಬಗ್ಗೆ ಸ್ವಲ್ಪ ಜಗಳವಿದೆ. ಅಜ್ಜಿಯ ಅಪ್ಪನ ಹೊಲದಲ್ಲಿ ದುಡಿಯುತ್ತಿದ್ದ ನಿಮ್ಮ ಲೇಖನದ ಕೈದಿ 1943ರ ಸೆಪ್ಟೆಂಬರಿನಲ್ಲಿ, ಇಟಲಿ ಶರಣಾದ ಮಾರನೇ ದಿನವೇ ಗಂಟುಮೂಟೆ ಕಟ್ಟುತ್ತಾನೆ. ಹಾಗೆ ಬಿಡಲಿಲ್ಲ. ಅಕ್ಟೋಬರಿನಲ್ಲಿ ಇಟಲಿ ಜರ್ಮನಿಯ ಮೇಲೇ ಯುದ್ಧ ಸಾರಿತು. ಆದರೂ ಇವರು ಕೈದಿಗಳೇ. 1944ರಲ್ಲಿ, ಸಹಕರಿಸಲು ಒಪ್ಪಿದವರಿಗೆ ಒಂದಷ್ಟು ಸಡಿಲ ಕೊಟ್ಟರು, ಅಷ್ಟೆ. ಹೆಚ್ಚಿನವರು ಊರಿನ ಮುಖ ಕಂಡದ್ದು 1946ರಲ್ಲಿ. ಶತ್ರು ಅಲ್ಲ, ಆದರೆ ಮನೆಗೆ ಹೋಗುವಂತಿಲ್ಲ. ಆ ಮೂರು ವರ್ಷ ಅವನು ಆಲೂಗಡ್ಡೆ ಅಗೆಯುತ್ತಾ ಏನು ಮಾತಾಡುತ್ತಿದ್ದ? ನಿಮ್ಮ ಕಥೆ ಅಲ್ಲೇ ಇದೆ, ನೀವು ಅದನ್ನೇ ಹಾರಿಸಿದ್ದೀರಿ.

"ಜರ್ಮನ್ನರೂ ಬಂದಿದ್ದರು, ಹಿಮ ತೋಡಿದರು" ಅಂತ ಅಜ್ಜಿ ಹೇಳಿದ್ದನ್ನೂ ನೀವು 1942ಕ್ಕೆ ಹಾಕಿದ್ದೀರಿ. ಆಗೆಲ್ಲ ಜರ್ಮನ್ ಕೈದಿಗಳನ್ನು ಹೆಚ್ಚಾಗಿ ಕೆನಡಾಕ್ಕೆ ಸಾಗಿಸುತ್ತಿದ್ದರು. ಬ್ರಿಟನ್ನಿನಲ್ಲಿ ಅವರ ಸಂಖ್ಯೆ ಏರಿದ್ದು 1944ರ ನಂತರ. 1947ರ ಭಯಂಕರ ಚಳಿಗಾಲದಲ್ಲಿ ರಸ್ತೆಗಳ ಹಿಮ ತೋಡಿದವರಲ್ಲಿ ಅವರೂ ಇದ್ದರು. ಆಗ ಅಜ್ಜಿಗೆ ಹನ್ನೆರಡು. ಅವರ ನೆನಪು ಸರಿಯೇ ಇದೆ. ತಪ್ಪು ಇಸವಿ ನಿಮ್ಮದು.

ಅಜ್ಜಿಯ ಅಕ್ಕ ಕೈದಿಯನ್ನು 1944ರಲ್ಲಿ ಮದುವೆಯಾದ ಪ್ರಸಂಗ ಅವರೇ ಹೇಳಿದ್ದೋ, ನೀವು ಸೇರಿಸಿದ್ದೋ? ಆಗ ಊರಿನ ಹೆಂಗಸರ ಜೊತೆ ಸಲಿಗೆಯೇ ನಿಷಿದ್ಧ. ಜರ್ಮನ್ ಕೈದಿಗಳಿಗೆ ಮದುವೆಯ ಅನುಮತಿ ಸಿಕ್ಕಿದ್ದೇ 1947ರಲ್ಲಿ. ಸಿನಿಮಾ ವಾಸನೆ ಬರುತ್ತಿದೆ. ತೆಗೆಯಿರಿ.

ವೇಲ್ಸ್‌ನ ಹೆನ್‌ಲನ್ ಎಂಬಲ್ಲಿದ್ದ ಕೈದಿಗಳ ಶಿಬಿರದ ಪುಟ್ಟ ಚರ್ಚಿನ ಭಾಗ ನನಗೆ ಇಷ್ಟವಾಯಿತು. ತರಕಾರಿಯಿಂದ ತೆಗೆದ ಬಣ್ಣಗಳಲ್ಲಿ ಕೈದಿ ಮಾರಿಯೊ ಫೆರ್ಲಿಟೊ ಬರೆದ ಚಿತ್ರಗಳು, ಮಾಂಸದ ಡಬ್ಬಿಗಳಲ್ಲಿ ಮಾಡಿದ ಮೇಣದಬತ್ತಿಯ ಕಂಬಗಳು. ಆದರೆ ಅಜ್ಜಿ ಅದನ್ನು ಕಂಡಿದ್ದರಾ? ಕಂಡಿಲ್ಲವಾದರೆ ಅದು ಬೇರೆಯೇ ಲೇಖನ.

ಬೆಂಗಳೂರಿನ ಜಾಲಹಳ್ಳಿಯಲ್ಲಿದ್ದ ಇಟಲಿ ಕೈದಿಗಳ ಶಿಬಿರವನ್ನು ಕೊನೆಗೆ ಅಂಟಿಸಿರುವುದು, ಕನ್ನಡ ಪತ್ರಿಕೆಗೆ ಕಳಿಸುತ್ತಿದ್ದೇನಲ್ಲ ಎಂಬ ಸಂಕೋಚಕ್ಕೆ, ಅಲ್ವಾ? ಸಂಬಂಧ ನಿಜವೇ. 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರಾನಿಯಲ್ಲಿ ಇಟಲಿಯವರನ್ನು ಸೋಲಿಸಿದ್ದರಲ್ಲಿ ಭಾರತದ 4ನೇ ಡಿವಿಷನ್ ಕೂಡ ಇತ್ತು. ಆ ಯುದ್ಧರಂಗದಲ್ಲಿ ಸೆರೆಯಾದವರಲ್ಲಿ ಕೆಲವರು ವೇಲ್ಸ್‌ನ ಹೊಲಕ್ಕೆ, ಕೆಲವರು ಬೆಂಗಳೂರಿನ ಶಿಬಿರಕ್ಕೆ. ಎರಡು ಸಾಲು ಇರಲಿ, ಎರಡು ಪುಟ ಬೇಡ.

ಅದರ ಬದಲು ಆ ವೆಲ್ಷ್ ಮಾತಿನ ಪ್ರಸಂಗ ಬೆಳೆಸಿ. ಮನೆಯವರು ಆಡುತ್ತಿದ್ದುದು ವೆಲ್ಷ್, ಹಾಗಾಗಿ ಆ ಕೈದಿ ಇಂಗ್ಲಿಷ್ ಬರುವ ಮೊದಲೇ ವೆಲ್ಷ್ ಕಲಿತ, ಹಸುವಿಗೂ ಅದರಲ್ಲೇ ಬೈಯುತ್ತಿದ್ದ ಎಂದಿದ್ದೀರಿ. ಏನೆಂದು ಬೈಯುತ್ತಿದ್ದ? ನನಗೆ ಆ ಬೈಗುಳ ಬೇಕು. ಅವನು ಹೆಣೆದುಕೊಟ್ಟ ಬುಟ್ಟಿ ಯಾರ ಮನೆಯಲ್ಲಿದೆ? ಮಧ್ಯಾಹ್ನ ಅವನು ಊಟ ಮಾಡುತ್ತಿದ್ದುದು ಅಡುಗೆಮನೆಯ ಮೇಜಿನಲ್ಲೋ, ಕೊಟ್ಟಿಗೆಯಲ್ಲೋ? ಯಾರು ಬಡಿಸುತ್ತಿದ್ದರು? ಇದನ್ನು ನೀವು ಕೇಳಲೇ ಇಲ್ಲ.

ಅಜ್ಜಿಯ ಹೆಸರು ಬದಲಿಸಿ. ಅವರ ಒಪ್ಪಿಗೆ, ಮನೆಯವರ ಒಪ್ಪಿಗೆ ಎರಡೂ ಇರಲಿ. ಎಂಟುನೂರು ಪದ ಸಾಕು. ಅವರಿಗೆ ತೊಂಬತ್ತು ದಾಟಿದೆ. ಮುಂದಿನ ಡ್ಯೂಟಿಯ ದಿನವೇ ಬುಟ್ಟಿ ಎಲ್ಲಿದೆ ಅಂತ ಕೇಳಿ, ನನಗೆ ಬರೆಯಿರಿ.

ಇಂತಿ,
ಸಂಪಾದಕ