ಜರ್ಮನಿಗೆ ಹೊರಟಿದ್ದೇವೆ, ಎಲ್ಲಿಂದ ಶುರು ಮಾಡೋಣ?

ಹೊರದೇಶಕ್ಕೆ ಸಂಸಾರ ಸಮೇತ ಹೋಗುವವರು ಪ್ರಶ್ನೆ ಕಳಿಸಿ ಅಂದಿದ್ದೆ. ಬಂದಿದ್ದರಲ್ಲಿ ಜರ್ಮನಿಗೆ ಹೊರಟವರದ್ದೇ ಜಾಸ್ತಿ. ನಾನೂ ಒಂಬತ್ತು ವರ್ಷ ಅಲ್ಲೇ ಸಂಸಾರ ಮಾಡಿದವಳು. ಈಗ ಬೆಂಗಳೂರಿನಲ್ಲಿ ಕೂತು ಹೋಗುವವರ ಕಾಗದಪತ್ರ ನೋಡಿಕೊಡುತ್ತೇನೆ. ಹಾಗಾಗಿ ಈ ಸಲ ಪೂರ್ತಿ ಜರ್ಮನಿಯೇ ಇರಲಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಬ್ಲೂ ಕಾರ್ಡ್ (ಓದಿದವರು ಅಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿ) ಕೊಡುತ್ತಾರಂತೆ. ಮೂರು ತಿಂಗಳಲ್ಲಿ ಸೇರಬೇಕು. ನಾನು, ಐದು ವರ್ಷದ ಮಗಳು ಒಟ್ಟಿಗೇ ಹೋಗೋಣ ಅಂತಿದ್ದೇವೆ. ಮನೆ ಸಾಮಾನು ಮಾರಬೇಕು, ಶಾಪಿಂಗ್ ಇದೆ, ಮಗಳ ಶಾಲೆ ಇದೆ. ತಲೆ ಕೆಟ್ಟು ಹೋಗಿದೆ. ಮೊದಲು ಯಾವುದು? — ದಾವಣಗೆರೆ

ಸೂಟ್‌ಕೇಸ್ ಸದ್ಯಕ್ಕೆ ಅಟ್ಟದ ಮೇಲೇ ಇರಲಿ. ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಮೂವರ ಕಾಗದಗಳನ್ನೂ ಊಟದ ಟೇಬಲ್ ಮೇಲೆ ಹರಡಿ. ಪಾಸ್‌ಪೋರ್ಟ್, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್, ಮಗಳ ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ. ಒಂದೊಂದರಲ್ಲೂ ಹೆಸರಿನ ಅಕ್ಷರ ಅಕ್ಷರ ಹೋಲಿಸಿ ನೋಡಿ.

ನಮ್ಮ ಕಡೆ ಹೆಸರಿನ ಕಥೆ ಗೊತ್ತಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಡಿಗ್ರಿಯಲ್ಲಿ 'ಮಂಜುನಾಥ ಎಚ್ ಎಸ್'. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ 'ಹೊಸಹಳ್ಳಿ ಶಿವಣ್ಣ ಮಂಜುನಾಥ'. ಮಗಳ ಜನನ ಪತ್ರದಲ್ಲಿ ಅಪ್ಪನ ಹೆಸರು ಬರೀ 'ಮಂಜುನಾಥ್', ಕೊನೆಯ ಅಕ್ಷರ ಅರ್ಧ, ಇಂಗ್ಲಿಷ್ ಸ್ಪೆಲ್ಲಿಂಗ್ ಇನ್ನೂ ಬೇರೆ. ಇಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಅಲ್ಲಿನ ಕಚೇರಿಯವರ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಇನ್ನು ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರಂತೂ ಬ್ಯಾಂಕ್, ವಿಮೆ, ಬಾಡಿಗೆ ಕರಾರು ಹೀಗೆ ಪ್ರತಿ ಫಾರ್ಮ್‌ನಲ್ಲೂ ಅದೇ ರಗಳೆ. ಅಲ್ಲಿ ಫ್ಯಾಮಿಲಿ ನೇಮ್ ಇಲ್ಲದ ಮನುಷ್ಯ ಇರುತ್ತಾನೆ ಅಂತ ಫಾರ್ಮ್ ಮಾಡಿದವರಿಗೆ ಹೊಳೆದೇ ಇಲ್ಲ.

ತಪ್ಪಿದ್ದರೆ ಇಲ್ಲೇ, ಈಗಲೇ ಸರಿಮಾಡಿಸಿ. 'ಈ ಎರಡೂ ಹೆಸರು ಒಬ್ಬರದ್ದೇ' ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿಕೊಂಡು ಹೋದರೆ ಆಯ್ತು ಅಂತ ಕೆಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅಲ್ಲಿನ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ಮೂಲ ದಾಖಲೆಯೇ ಸರಿಯಿರಬೇಕು.

ಮಗಳ ಜನನ ಪತ್ರದಲ್ಲಿ ಮಗುವಿನ ಹೆಸರು ಇದೆಯಾ ಅಂತಲೂ ನೋಡಿ. ನಗಬೇಡಿ. ಆಸ್ಪತ್ರೆಯಲ್ಲಿ ನೋಂದಣಿ ಆದಾಗ ನಾಮಕರಣ ಆಗಿರುವುದಿಲ್ಲ, ಆಮೇಲೆ ಸೇರಿಸುವುದು ಮರೆತುಹೋಗುತ್ತದೆ. ನೋಂದಣಿಯಾದ 15 ವರ್ಷದೊಳಗೆ ಸೇರಿಸಿಕೊಳ್ಳಬಹುದು. ಮೊದಲ ಒಂದು ವರ್ಷ ದಾಟಿದ್ದರೆ ಸ್ವಲ್ಪ ಶುಲ್ಕ, ಅಷ್ಟೇ.

ಮದುವೆ ನೋಂದಣಿ ಆಗಿಲ್ಲದಿದ್ದರೆ ಅದೂ ಈ ವಾರದ ಕೆಲಸ. ಕಲ್ಯಾಣ ಮಂಟಪದ ರಸೀದಿ, ಆಲ್ಬಮ್ಮು ವೀಸಾಕ್ಕೆ ಸಾಲುವುದಿಲ್ಲ. ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಬಹುದು. ಹಿಂದೂ ವಿವಾಹಗಳಿಗೆ 2024ರಿಂದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ ಹುಡುಕಿ ಇಟ್ಟುಕೊಳ್ಳಿ.

ಈ ಒಂದು ಹಾಳೆ ವೀಸಾಕ್ಕೆ ಮಾತ್ರ ಅಲ್ಲ. ಜರ್ಮನಿಯಲ್ಲಿ ಸಂಬಳದ ತೆರಿಗೆಗೆ ಆರು ವರ್ಗಗಳಿವೆ. ಸಂಸಾರ ಭಾರತದಲ್ಲಿದ್ದು ಒಬ್ಬರೇ ಅಲ್ಲಿದ್ದರೆ ಸಾಮಾನ್ಯವಾಗಿ ಒಂದನೇ ವರ್ಗ. ಹೆಂಡತಿ ಅಲ್ಲಿಗೆ ಬಂದು ಹೆಸರು ನೋಂದಾಯಿಸಿ, ಮದುವೆ ಪತ್ರ ತೋರಿಸಿದ ಮೇಲೆ, ಒಬ್ಬರೇ ದುಡಿಯುವ ಮನೆಯಾದರೆ ಮೂರನೇ ವರ್ಗ ಕೇಳಿಕೊಳ್ಳಬಹುದು. ಪ್ರತಿ ತಿಂಗಳು ಕೈಗೆ ಬರುವ ದುಡ್ಡು ಎದ್ದು ಕಾಣುವಷ್ಟು ಜಾಸ್ತಿಯಾಗುತ್ತದೆ. ಹಾಗೇ ಮಗಳ ಜನನ ಪತ್ರ ಇದ್ದರೆ ಮಕ್ಕಳ ಭತ್ಯೆಗೆ ಅರ್ಜಿ ಹಾಕಬಹುದು. ಅದಕ್ಕೆ ಅಲ್ಲಿ 'ಕಿಂಡರ್‌ಗೆಲ್ಡ್' ಅಂತಾರೆ. 2025ರಲ್ಲಿ ಅದು ಒಂದು ಮಗುವಿಗೆ ತಿಂಗಳಿಗೆ 255 ಯೂರೊ ಇತ್ತು.

ಮಗಳ ಲಸಿಕೆ ದಾಖಲೆ, ಅಂದರೆ ನಿಮ್ಮ ತಾಯಿ ಕಾರ್ಡ್ ಅಥವಾ ಡಾಕ್ಟರ ಪುಸ್ತಕ, ಕೈಚೀಲದಲ್ಲೇ ಇರಲಿ. 2020ರ ಮಾರ್ಚ್‌ನಿಂದ ಅಲ್ಲಿ ದಡಾರ ಲಸಿಕೆಯ ದಾಖಲೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ, ಶಾಲೆಯಲ್ಲೂ ಕೇಳುತ್ತಾರೆ.

ಒಟ್ಟಿಗೆ ಹೋಗಬೇಕಾ ಅನ್ನುವುದಕ್ಕೆ ನನ್ನ ಉತ್ತರ ಬೇಡ ಅಂತಲೇ. ಅವರು ಮೊದಲು ಹೋಗಿ ಮನೆ ಹುಡುಕಲಿ. ನೀವಿಬ್ಬರು ಎರಡು ತಿಂಗಳು ಬಿಟ್ಟು ಹೋಗಿ. ಬ್ಲೂ ಕಾರ್ಡ್‌ನವರ ಗಂಡ ಅಥವಾ ಹೆಂಡತಿಗೆ ಜರ್ಮನ್ ಭಾಷೆಯ ಎ1, ಅಂದರೆ ಮೊದಲ ಹಂತದ ಪರೀಕ್ಷೆ ಕಡ್ಡಾಯವಿಲ್ಲ. ಹೋದ ಮೇಲೆ ಕೆಲಸ ಮಾಡುವುದಕ್ಕೂ ಅನುಮತಿ ಇದೆ. ಕಡ್ಡಾಯ ಇಲ್ಲ ಅಂತ ಭಾಷೆ ಬಿಡಬೇಡಿ ಮತ್ತೆ. ಆ ಎರಡು ತಿಂಗಳು ದಿನಕ್ಕೊಂದು ಗಂಟೆ ಕೂತು ಕಲಿಯಿರಿ. ಮಕ್ಕಳ ಡಾಕ್ಟರ ರಿಸೆಪ್ಷನ್‌ನಲ್ಲಿ ಫೋನ್ ಎತ್ತುವವರು ಇಂಗ್ಲಿಷ್ ಮಾತಾಡುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ಮನೆ ನೋಡಿದೆ. ಫೋಟೊ ಚೆನ್ನಾಗಿದೆ, ಬಾಡಿಗೆ ಕಮ್ಮಿ. ಮಾಲೀಕರು ಈಗ ಬೇರೆ ದೇಶದಲ್ಲಿದ್ದಾರಂತೆ, ಅಡ್ವಾನ್ಸ್ ಕಳಿಸಿದರೆ ಕೊರಿಯರ್‌ನಲ್ಲಿ ಬೀಗದ ಕೈ ಕಳಿಸುತ್ತಾರಂತೆ. ಕಳಿಸಲಾ? — ಹುಬ್ಬಳ್ಳಿ

ಒಂದು ಪೈಸೆಯನ್ನೂ ಕಳಿಸಬೇಡಿ. ಇದು ಹಳೇ ಮೋಸ. ಮನೆ ನೋಡದೆ, ಕರಾರಿಗೆ ಸಹಿ ಹಾಕದೆ ದುಡ್ಡು ಕೊಡುವ ಪದ್ಧತಿ ಅಲ್ಲಿಲ್ಲ. ಪಾಸ್‌ಪೋರ್ಟ್ ಪ್ರತಿ ಕೇಳಿದರೂ ಕೊಡಬೇಡಿ.

ಮೊದಲ ಒಂದೆರಡು ತಿಂಗಳಿಗೆ ಸಾಮಾನು ಸಮೇತ ಸಿಗುವ ತಾತ್ಕಾಲಿಕ ಮನೆ ಹಿಡಿಯಿರಿ. ದುಬಾರಿ ಅನಿಸುತ್ತದೆ, ಆದರೂ ಹಿಡಿಯಿರಿ. ಹಿಡಿಯುವ ಮುಂಚೆ ಒಂದೇ ಪ್ರಶ್ನೆ ಕೇಳಿ: 'ಇಲ್ಲಿ ಆನ್‌ಮೆಲ್ಡುಂಗ್ ಆಗುತ್ತಾ?' ಆನ್‌ಮೆಲ್ಡುಂಗ್ ಅಂದರೆ ನಾನು ಈ ವಿಳಾಸದಲ್ಲಿದ್ದೇನೆ ಅಂತ ಊರಿನ ಕಚೇರಿಯಲ್ಲಿ ಹೆಸರು ಬರೆಸುವುದು. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು ಅನ್ನುವುದು ಕಾನೂನು. ಅದಕ್ಕೆ ಮಾಲೀಕರ ಸಹಿಯ ಪತ್ರ ಬೇಕು. ಅದಾದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಮನೆಗೇ ಬರುತ್ತದೆ. ಆ ಸಂಖ್ಯೆ ಕೊಡದಿದ್ದರೆ ಕಂಪನಿಯವರು ನಿಮ್ಮನ್ನು ಆರನೇ ತೆರಿಗೆ ವರ್ಗಕ್ಕೆ ಹಾಕುವ ಸಾಧ್ಯತೆ ಇದೆ. ಅಲ್ಲಿ ಕಡಿತ ಎಲ್ಲಕ್ಕಿಂತ ಜಾಸ್ತಿ. ಅಂಚೆಯವರು ಬಾಗಿಲಿನ ಹೆಸರು ನೋಡಿಯೇ ಪತ್ರ ಹಾಕುತ್ತಾರೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿನ ಚೀಟಿ ಮೊದಲ ದಿನವೇ ಅಂಟಿಸಿ. ನಾನು ಅಂಟಿಸಲಿಲ್ಲ, ನನ್ನ ಬ್ಯಾಂಕ್ ಕಾರ್ಡು ಎರಡು ಸಲ ವಾಪಸ್ ಹೋಯಿತು.

ಬಾಡಿಗೆಯಲ್ಲಿ ಎರಡು ಥರ. 'ತಣ್ಣನೆ ಬಾಡಿಗೆ' ಅಂದರೆ ಬರೀ ಗೋಡೆಗೆ. 'ಬೆಚ್ಚನೆ ಬಾಡಿಗೆ' ಅಂದರೆ ಹೀಟರು, ನೀರು, ಕಸ ಇತ್ಯಾದಿ ಸೇರಿ. ಕರೆಂಟು, ಇಂಟರ್ನೆಟ್ಟು ಸಾಮಾನ್ಯವಾಗಿ ಅದರ ಹೊರಗೆ. ಡೆಪಾಸಿಟ್ ತಣ್ಣನೆ ಬಾಡಿಗೆಯ ಮೂರು ಪಟ್ಟು ಮೀರುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಹಬ್ಬ.

ಹಬ್ಬ ಅಲ್ಲಿಗೇ ಮುಗಿಯಿತು. ಖಾಲಿ ಮನೆ ಅಂದರೆ ಅಲ್ಲಿ ನಿಜವಾಗಲೂ ಖಾಲಿ. ನಾವು ಮೊದಲ ಬಾಡಿಗೆ ಮನೆಯ ಬಾಗಿಲು ತೆಗೆದಾಗ ಅಡುಗೆಮನೆಯಲ್ಲಿ ಸಿಂಕ್ ಇರಲಿಲ್ಲ. ಗೋಡೆಯಿಂದ ಎರಡು ನೀರಿನ ಪೈಪು ಹೊರಗೆ ಇಣುಕುತ್ತಿದ್ದವು. ಕಟ್ಟೆ ಇಲ್ಲ, ಒಲೆ ಇಲ್ಲ. ಸೂರಿನಿಂದ ವೈರ್ ನೇತಾಡುತ್ತಿತ್ತು, ಬಲ್ಬಿನ ಹೋಲ್ಡರೂ ಇಲ್ಲ. ಹಿಂದಿನವರು ತಮ್ಮ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿದ್ದರು. ಮನೆ ಒಪ್ಪಿಕೊಳ್ಳುವ ಮುಂಚೆ 'ಅಡುಗೆಮನೆ ಇದೆಯಾ' ಅಂತ ಕೇಳಿ. ಇಲ್ಲ ಅಂದರೆ ಆ ಖರ್ಚನ್ನು ಬಜೆಟ್ಟಿಗೆ ಸೇರಿಸಿ. ಕೆಲವೊಮ್ಮೆ ಬಿಟ್ಟು ಹೋಗುವವರೇ ತಮ್ಮ ಅಡುಗೆಮನೆ ಮಾರುತ್ತಾರೆ. ಚೌಕಾಸಿ ಮಾಡಿ, ಸಂಕೋಚ ಬೇಡ.

ಪ್ರಶ್ನೆ: ತಂದೆ ತೀರಿಕೊಂಡು ನಾಲ್ಕು ವರ್ಷವಾಯಿತು. ಊರಲ್ಲಿ ಮೂರು ಎಕರೆ ಇದೆ, ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ತಮ್ಮ ಊರಲ್ಲೇ ಇದ್ದಾನೆ. ಹೋಗುವ ಮುಂಚೆ ಅವನಿಗೆ ಜಿಪಿಎ (ನನ್ನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ) ಕೊಟ್ಟು ಹೋಗಲಾ? ಬ್ಯಾಂಕ್ ಖಾತೆ ಹಾಗೇ ಇಟ್ಟರೆ ಆಗುತ್ತಾ? — ಮಂಡ್ಯ

ಜಿಪಿಎಗಿಂತ ಮುಂಚೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಿ. ವಂಶವೃಕ್ಷ, ಮರಣ ಪತ್ರ ಜೋಡಿಸಿ ನಾಡಕಚೇರಿಗೆ ಹೋದರೆ ದಾರಿ ತೋರಿಸುತ್ತಾರೆ. ಭಾಗ ಮಾಡಿಕೊಳ್ಳುವ ಮನಸ್ಸಿದ್ದರೆ ನೋಂದಾಯಿತ ಭಾಗಪತ್ರವೂ ಈಗಲೇ ಆಗಲಿ. ಅಣ್ಣ ತಮ್ಮಂದಿರು ಚೆನ್ನಾಗಿರುವಾಗ ಒಂದು ದಿನದಲ್ಲಿ ಮುಗಿಯುವ ಕೆಲಸ ಇದು. ಆಮೇಲೆ ಅಂದರೆ ಒಂದು ಸಹಿಗೆ ವಿಮಾನದ ಟಿಕೆಟ್ ಮಾಡಬೇಕಾಗುತ್ತದೆ.

ತಮ್ಮನ ಮೇಲೆ ನಂಬಿಕೆ ಇರಲಿ, ಆದರೂ ಪೂರ್ತಿ ಅಧಿಕಾರದ ಜಿಪಿಎ ಬೇಡ. ಕಂದಾಯ ಕಟ್ಟುವುದು, ಖಾತೆಗೆ ಅರ್ಜಿ ಹಾಕುವುದು, ಬೆಳೆ ಪರಿಹಾರ ಪಡೆಯುವುದು ಹೀಗೆ ಏನೇನು ಮಾಡಬಹುದು ಅಂತ ಬರೆದ ಸೀಮಿತ ಅಧಿಕಾರಪತ್ರ ಸಾಕು. ಮಾರುವ, ಅಡ ಇಡುವ ಅಧಿಕಾರ ಇಲ್ಲ ಅಂತ ಸ್ಪಷ್ಟವಾಗಿ ಇರಲಿ. ತಮ್ಮನಿಗೂ ಇದೇ ಒಳ್ಳೆಯದು. ನಾಳೆ ಊರವರು ಏನೋ ಅಂದರೆ ತೋರಿಸಲು ಅವನ ಹತ್ತಿರ ಕಾಗದ ಇರುತ್ತದೆ.

ಇನ್ನೊಂದು. ನೀವು ಅನಿವಾಸಿ ಆದ ಮೇಲೆ ಪಿತ್ರಾರ್ಜಿತವಾಗಿ ಬಂದ ಕೃಷಿ ಜಮೀನು ಇಟ್ಟುಕೊಳ್ಳಬಹುದು. ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಂಡುಕೊಳ್ಳುವಂತಿಲ್ಲ. ಪಕ್ಕದ ಅರ್ಧ ಎಕರೆ ಮೇಲೆ ಕಣ್ಣಿದ್ದರೆ ಅದನ್ನು ಈಗಲೇ ಯೋಚಿಸಿ.

ಖಾತೆ ಹಾಗೇ ಇಡುವಂತಿಲ್ಲ. ಕೆಲಸಕ್ಕೆ ಅಂತ ದೇಶ ಬಿಟ್ಟ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಬೇಕು. ಇಲ್ಲಿನ ಬಾಡಿಗೆ, ಬಡ್ಡಿ, ಫಸಲಿನ ದುಡ್ಡು ಅದಕ್ಕೆ ಬರುತ್ತದೆ. ಅಲ್ಲಿಂದ ಕಳಿಸುವ ದುಡ್ಡಿಗೆ ಬೇರೆ ಎನ್‌ಆರ್‌ಇ ಖಾತೆ ತೆರೆಯಿರಿ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ದುಡ್ಡನ್ನು ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು. ಪಿಪಿಎಫ್ ಇದ್ದರೆ ಅವಧಿ ಮುಗಿಯುವ ತನಕ ನಡೆಸಿ, ಮುಂದುವರಿಸಲು ಬರುವುದಿಲ್ಲ.

ಮೊಬೈಲ್ ನಂಬರ್ ಮರೆಯಬೇಡಿ! ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಕಮ್ಮಿ ದರದ ಪ್ರೀಪೇಯ್ಡ್‌ಗೆ ಬದಲಿಸಿ, ರೋಮಿಂಗ್ ಇಲ್ಲಿಂದಲೇ ಆನ್ ಮಾಡಿಸಿ, ರೀಚಾರ್ಜ್ ತಪ್ಪಿಸಬೇಡಿ. ನನಗೆ ಗೊತ್ತಿರುವ ಒಬ್ಬರ ನಂಬರು ಹೀಗೇ ಬಂದ್ ಆಗಿ ಬೇರೆ ಯಾರಿಗೋ ಹೋಯಿತು. ಅವರು ತಮ್ಮದೇ ಖಾತೆಗೆ ಲಾಗಿನ್ ಆಗಲಾರದೆ ಬೇಸಿಗೆ ರಜೆಯವರೆಗೂ ಕಾದರು.

ಪ್ರಶ್ನೆ: ಮಗಳು, ಅಳಿಯ ಫ್ರಾಂಕ್‌ಫರ್ಟ್‌ಗೆ ಹೊರಟಿದ್ದಾರೆ. ಮನೆಯ ತುಪ್ಪ, ಪೇಡ, ಕೊಬ್ಬರಿ, ಕರಿಬೇವು, ಗಸಗಸೆ, ಮಿಕ್ಸಿ ಎಲ್ಲಾ ಕಟ್ಟಿ ಇಟ್ಟಿದ್ದೇನೆ. ಮಗಳು ಸುಮ್ನೆ ಬೇಡ ಬೇಡ ಅಂತಾಳೆ. ನೀವಾದರೂ ಹೇಳಿ. — ಹಾಸನ

ಅಮ್ಮಾ, ಈ ಸಲ ಮಗಳೇ ಅರ್ಧಕ್ಕರ್ಧ ಸರಿ.

ಹಾಲು ಮತ್ತು ಮಾಂಸದ ಪದಾರ್ಥಗಳನ್ನು ನಮ್ಮಂಥ ದೇಶಗಳಿಂದ ಪ್ರಯಾಣಿಕರು ಯುರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ತುಪ್ಪವೂ ಹಾಲಿನದ್ದೇ, ಧಾರವಾಡ ಪೇಡವೂ ಹಾಲಿನದ್ದೇ. ಸಿಕ್ಕಿಬಿದ್ದರೆ ಡಬ್ಬಿ ಸಮೇತ ಕಸಕ್ಕೆ ಹೋಗುತ್ತದೆ. ತುಪ್ಪದ ಚಿಂತೆ ಬಿಡಿ. ಅಲ್ಲಿ ಉಪ್ಪಿಲ್ಲದ ಬೆಣ್ಣೆ ಚೆನ್ನಾಗಿ ಸಿಗುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿದರೆ ಕರಣೆ ಕಟ್ಟಿದ ಘಮಘಮ ತುಪ್ಪ ಆಗುತ್ತದೆ. ಆ ಹದ ಮಾತ್ರ ಮಗಳಿಗೆ ಹೇಳಿಕೊಡಿ.

ಹಸಿ ಕರಿಬೇವನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿಡುವುದಿಲ್ಲ. ಒಣ ಕೊಬ್ಬರಿಯದ್ದು ಬೇರೆ ತಕರಾರು. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲೇ ಚೆಕ್ ಇನ್ ಲಗೇಜಿಗೆ ಹಾಕಲು ಬಿಡುವುದಿಲ್ಲ. ತಿಪಟೂರಿನ ಕೊಬ್ಬರಿ ಬಾಂಬಿನ ಸಾಲಿಗೆ ಸೇರಿದ್ದು ಕೇಳಿ ನನಗೂ ನಗು ಬಂದಿತ್ತು. ನಿಯಮ ಅಂದರೆ ನಿಯಮ.

ಗಸಗಸೆ ದಯವಿಟ್ಟು ತೆಗೆದುಬಿಡಿ. ಜರ್ಮನಿಯಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ, ಅವರು ಅದರಲ್ಲಿ ಕೇಕ್ ಮಾಡುತ್ತಾರೆ. ಆದರೆ ಯುಎಇಯಲ್ಲಿ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಕೇಸಾಗುತ್ತದೆ. ಮಕ್ಕಳ ವಿಮಾನ ದುಬೈ ಮೇಲೆ ಹೋಗುವುದಾದರೆ ಒಂದು ಕಾಳೂ ಬೇಡ.

ಮಿಕ್ಸಿ ಕಳಿಸಿ. ಅಲ್ಲೂ 230 ವೋಲ್ಟೇ, ಚೆನ್ನಾಗಿ ತಿರುಗುತ್ತದೆ. ನಮ್ಮ ಮೂರು ಪಿನ್ನು ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ಒಂದು ಗಟ್ಟಿ ಅಡಾಪ್ಟರ್ ಜೊತೆಗಿಡಿ. ಜಾರುಗಳ ಒಳಗೆ ಬೇಳೆ ತುಂಬಿ, ಜಾಗ ಉಳಿಯುತ್ತದೆ. ಕುಕ್ಕರ್ ಕಳಿಸುವುದಾದರೆ ಇಂಡಕ್ಷನ್ ತಳದ ಸ್ಟೀಲಿನದ್ದು ಕಳಿಸಿ. ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ.

ದಿನಾ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಸಮೇತ ಮೂರು ತಿಂಗಳಿಗಾಗುವಷ್ಟು ಇಡಿ.

ಅಕ್ಕಿ, ತೊಗರಿಬೇಳೆ ಹೊರಬೇಡಿ. ಫ್ರಾಂಕ್‌ಫರ್ಟ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದೇ ಇರುವುದು ನಿಮ್ಮ ಕೈಯ ಸಾರಿನ ಪುಡಿ, ಹುಳಿ ಪುಡಿ. ಕೊಬ್ಬರಿ ಹಾಕದೆ ಮಾಡಿ, ತಿಂಗಳುಗಟ್ಟಲೆ ಕಮಟು ಬರುವುದಿಲ್ಲ. ಎರಡು ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ, ಅಳಿಯಂದಿರ ಆಫೀಸ್ ಅಂಗಿಗಳಿಲ್ಲದ ಸೂಟ್‌ಕೇಸಿನಲ್ಲಿ ಇಡಿ.