ಹೊಸ ಚೈನ್ ಹಾಕಿದ ಮೇಲೂ ಸ್ಲಿಪ್ ಆಗೋದ್ಯಾಕೆ?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವನು. ಮೂರು ವರ್ಷದಿಂದ 8 ಗಿಯರಿನ ಹೈಬ್ರಿಡ್ ಸೈಕಲ್ ಓಡಿಸುತ್ತಿದ್ದೇನೆ. ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಇಷ್ಟು ದಿನ ಚೈನ್ ಬದಲಿಸಿರಲಿಲ್ಲ. ಹೋದ ತಿಂಗಳು ಹೊಸದು ಹಾಕಿಸಿದೆ. ಅವತ್ತಿನಿಂದ ರಿಂಗ್ ರೋಡಿನಲ್ಲಿ ಜೋರಾಗಿ ತುಳಿದರೆ ‘ಕಟಕ್’ ಎಂದು ಸ್ಲಿಪ್ ಆಗುತ್ತದೆ. ಬೆಟ್ಟ ಹತ್ತುವಾಗ ಮಾತ್ರ ಏನೂ ಆಗುವುದಿಲ್ಲ. ಅಂಗಡಿಯವರು ಈಗ ಕ್ಯಾಸೆಟ್ಟನ್ನೂ (ಹಿಂದಿನ ಹಲ್ಲುಚಕ್ರಗಳ ಸೆಟ್ಟು) ಬದಲಿಸಬೇಕು ಅನ್ನುತ್ತಾರೆ. ಹಳೇ ಚೈನಿನಲ್ಲಿ ಚೆನ್ನಾಗೇ ಓಡುತ್ತಿತ್ತಲ್ಲ? ಸುಮ್ನೆ ಖರ್ಚು ಮಾಡಿಸುತ್ತಿದ್ದಾರಾ?

ಉತ್ತರ: ಇಲ್ಲ, ಅವರು ಹೇಳುತ್ತಿರುವುದು ಸರಿ. ಆದರೆ ಈ ಮಾತನ್ನು ಹೊಸ ಚೈನ್ ಹಾಕುವ ಮೊದಲೇ ಹೇಳಬೇಕಿತ್ತು.

ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಲ್ಲುಗಳ ನಡುವಿನ ಅಂತರವೂ ಇದೇ ಲೆಕ್ಕಕ್ಕೆ ಕೂಡುತ್ತದೆ. ಚೈನ್ ‘ಎಳೆದುಕೊಂಡಿದೆ’ ಅಂತ ನಾವೆಲ್ಲ ಹೇಳುತ್ತೇವೆ. ನಿಜವಾಗಿ ಉಕ್ಕಿನ ತಗಡು ಎಳೆದುಕೊಳ್ಳುವುದಿಲ್ಲ. ಪಿನ್ನು ಮತ್ತು ಅದು ತಿರುಗುವ ತೂತು ಎರಡೂ ಒಳಗೊಳಗೇ ಸವೆಯುತ್ತವೆ. ಕೀಲು ಸಡಿಲವಾಗುತ್ತದೆ. ನೂರಕ್ಕೆ ಅರ್ಧದಷ್ಟು, ಅಂದರೆ 0.5 ಶೇಕಡಾ ಸವೆದ ಚೈನ್ ಅಂದರೆ ಒಂದೊಂದು ಕೀಲಿನಲ್ಲಿ ಹೆಚ್ಚಾಗಿರುವುದು ಬರೀ 0.06 ಮಿಲಿಮೀಟರ್. ಒಂದು ಹಾಳೆ ಕಾಗದದ ದಪ್ಪವೂ ಇಲ್ಲ. ಕಣ್ಣಿಗೆ ಹೇಗೆ ಕಂಡೀತು ಹೇಳಿ? ಹೊರಗಡೆ ಫಳಫಳ ಹೊಳೆಯುವ ಚೈನೂ ಒಳಗೆ ಸವೆದು ಹೋಗಿರಬಹುದು.

ಹೀಗೆ ಅಂತರ ಹೆಚ್ಚಾದ ಚೈನ್ ಹಲ್ಲಿನ ಬುಡದಲ್ಲಿ ಕೂರುವುದಿಲ್ಲ, ಸ್ವಲ್ಪ ಮೇಲಕ್ಕೇರಿ ಕೂರುತ್ತದೆ. ನಿಮ್ಮ ಕಾಲಿನ ಭಾರವೆಲ್ಲ ಒಂದೆರಡು ಹಲ್ಲಿನ ಮೇಲೇ ಬೀಳುತ್ತದೆ. ದಿನ ಕಳೆದಂತೆ ಆ ಹಲ್ಲುಗಳೂ ಚೈನಿಗೆ ತಕ್ಕ ಹಾಗೆ ಸವೆದು ಒಂದು ಕಡೆಗೆ ಕೊಕ್ಕೆಯಂತೆ ಬಾಗುತ್ತವೆ. ಸವೆದ ಚೈನ್, ಸವೆದ ಹಲ್ಲು, ಎರಡೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಳೇ ಚೈನಿನಲ್ಲಿ ನಿಮಗೆ ಏನೂ ಗೊತ್ತಾಗದೇ ಇದ್ದದ್ದು ಇದಕ್ಕೇ. ಈಗ ಸರಿಯಾದ ಅಳತೆಯ ಹೊಸ ಚೈನ್ ಬಂದಿದೆ. ಅದಕ್ಕೆ ಆ ಕೊಕ್ಕೆಗಳ ನಡುವೆ ಕೂರಲು ಜಾಗವಿಲ್ಲ. ಜೋರಾಗಿ ತುಳಿದ ತಕ್ಷಣ ಹಲ್ಲಿನ ತುದಿ ಹತ್ತಿ ಆಚೆಗೆ ಹಾರುತ್ತದೆ.

ಹಾಗಾದರೆ ಬೆಟ್ಟದ ಮೇಲೆ ಯಾಕೆ ಹಾರುವುದಿಲ್ಲ? ನಿಮ್ಮದು 11ರಿಂದ 32 ಹಲ್ಲಿನ ಕ್ಯಾಸೆಟ್ ಇರಬಹುದು. 11, 13, 15, 18, 21, 24, 28, 32. ಬೆಟ್ಟಕ್ಕೆ ನೀವು ಹಾಕುವುದು 28 ಅಥವಾ 32. ಅಲ್ಲಿ ಚೈನ್ ಸುಮಾರು ಹದಿನೈದು ಹಲ್ಲನ್ನು ಒಟ್ಟಿಗೆ ಹಿಡಿದುಕೊಂಡಿರುತ್ತದೆ. ಭಾರ ಹಂಚಿ ಹೋಗುತ್ತದೆ, ಸವೆತವೂ ನಿಧಾನ. ರಿಂಗ್ ರೋಡಿನಲ್ಲಿ ನೀವು ಇರುವುದು 13 ಅಥವಾ 15ರಲ್ಲಿ. ಅಲ್ಲಿ ಹಿಡಿತಕ್ಕೆ ಸಿಗುವುದು ಆರೇಳು ಹಲ್ಲು ಮಾತ್ರ. ಬೆಟ್ಟ ಹತ್ತುವುದು ವಾರಕ್ಕೆ ಮೂರು ದಿನ, ಉಳಿದ ಓಡಾಟವೆಲ್ಲ ಈ ಎರಡು ಹಲ್ಲುಚಕ್ರದಲ್ಲೇ. ಮೊದಲು ಸಾಯುವುದೂ ಅವೇ.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಎಲ್ಲ ಗಿಯರಿನಲ್ಲೂ, ಒಂದೇ ಲಯದಲ್ಲಿ, ಮೆಲ್ಲಗೆ ತುಳಿದರೂ ‘ಟಕ್, ಟಕ್’ ಅನ್ನುತ್ತಿದೆಯಾ? ಹಾಗಿದ್ದರೆ ಅದು ಚೈನ್ ಜೋಡಿಸಿದ ಜಾಗದ ಬಿಗಿ ಕೀಲು. ಪೆಡಲನ್ನು ಕೈಯಲ್ಲಿ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಹಿಂದೆ ಕೆಳಗೆ ನೇತಾಡುವ ಪುಟ್ಟ ಚಕ್ರಗಳ ಹತ್ತಿರ ಯಾವ ಕೊಂಡಿ ನೆಟ್ಟಗಾಗದೆ ಕುಪ್ಪಳಿಸುತ್ತದೋ ಅದೇ ಕಳ್ಳ. ಅದನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಸ್ವಲ್ಪ ಬಾಗಿಸಿದರೆ ಸಡಿಲವಾಗುತ್ತದೆ, ಖರ್ಚೇ ಇಲ್ಲ. ಎರಡೇ ಗಿಯರಿನಲ್ಲಿ, ಜೋರಾಗಿ ತುಳಿದಾಗ ಮಾತ್ರ ಹಾರುತ್ತಿದ್ದರೆ ಕ್ಯಾಸೆಟ್ ಸವೆದಿದೆ ಅಂತಲೇ ಅರ್ಥ. ನೀವು ಬರೆದಿರುವುದು ನೋಡಿದರೆ ಈ ಎರಡನೆಯದೇ.

ಈಗ ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಕ್ಯಾಸೆಟ್ ಬದಲಿಸುವುದು. ಸವೆದ ಎರಡು ಹಲ್ಲುಚಕ್ರ ಮಾತ್ರ ಬಿಡಿಯಾಗಿ ಸಿಗುವುದು ಕಷ್ಟ, ಇಡೀ ಸೆಟ್ಟೇ ತೆಗೆದುಕೊಳ್ಳಬೇಕು. ಇನ್ನೊಂದು ದಾರಿ ಯಾರೂ ಹೇಳುವುದಿಲ್ಲ. ಹಳೇ ಚೈನ್ ಅಂಗಡಿಯಿಂದ ವಾಪಸ್ ತಂದಿದ್ದೀರಾ? ತಂದಿದ್ದರೆ ಅದನ್ನೇ ಮತ್ತೆ ಹಾಕಿಸಿ, ಹಳೇ ಕ್ಯಾಸೆಟ್ ಜೊತೆ ಪೂರ್ತಿ ಸವೆಯುವವರೆಗೂ ಓಡಿಸಿ. ಹೊಸ ಚೈನನ್ನು ಎತ್ತಿಡಿ. ತಪ್ಪೇನಿಲ್ಲ. ಆದರೆ ಮುಂದಿನ ಹಲ್ಲುಚಕ್ರದ ಮೇಲೂ ಕಣ್ಣಿಡಿ. ಅದೂ ಕೊಕ್ಕೆಯಾಗುವವರೆಗೆ ಬಿಟ್ಟರೆ ಖರ್ಚು ಜಾಸ್ತಿ. ನನ್ನನ್ನು ಕೇಳಿದರೆ, ವಾರಕ್ಕೆ ಮೂರು ಸಲ ಬೆಟ್ಟ ಹತ್ತಿ ಅದೇ ವೇಗದಲ್ಲಿ ಇಳಿಯುವವರು ಕ್ಯಾಸೆಟ್ ಬದಲಿಸುವುದೇ ಒಳ್ಳೆಯದು. ನಿಂತು ತುಳಿಯುವಾಗ ಸ್ಲಿಪ್ ಆದರೆ ಮೊಣಕಾಲು ನೇರ ಹ್ಯಾಂಡಲಿಗೆ ಬಡಿಯುತ್ತದೆ.

ಇನ್ನು ಮುಂದೆ ಈ ಪರಿಸ್ಥಿತಿ ಬರದ ಹಾಗೆ ಚೈನನ್ನು ಅಳೆಯುವುದು ಕಲಿತುಕೊಳ್ಳಿ. ಬಡಗಿಗಳು ಇಟ್ಟುಕೊಳ್ಳುವ ಉಕ್ಕಿನ ಟೇಪು ಸಾಕು. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಹಾಗಾಗಿ ಸೊನ್ನೆಯಿಂದ ಅಳೆಯಬೇಡಿ. ಪೆಡಲ್ ಒತ್ತಿ ಚೈನನ್ನು ಬಿಗಿ ಮಾಡಿ, 1 ಇಂಚಿನ ಗೆರೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹಿಡಿಯಿರಿ. ಹೊಸ ಚೈನಾದರೆ 13 ಇಂಚಿನ ಗೆರೆಯೂ ಇನ್ನೊಂದು ಪಿನ್ನಿನ ನಡುಮಧ್ಯಕ್ಕೇ ಬರುತ್ತದೆ. ಆ ಪಿನ್ನು ಗೆರೆಯಿಂದ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ 0.5 ಶೇಕಡಾ ಸವೆದಿದೆ. 11, 12 ಗಿಯರಿನ ಸೈಕಲ್ಲಿಗೆ ಅಲ್ಲೇ ಬದಲಿಸಿ. ನಿಮ್ಮ 8 ಗಿಯರಿನದಕ್ಕೆ ಇನ್ನು ಸ್ವಲ್ಪ, ಎರಡು ಮಿಲಿಮೀಟರಿನವರೆಗೆ ಬಿಡಬಹುದು. ಮೂರು ಮಿಲಿಮೀಟರ್ ದಾಟಿದರೆ ಕ್ಯಾಸೆಟ್ಟನ್ನೂ ಅದು ತಿಂದು ಹಾಕಿದೆ ಎಂದೇ ಲೆಕ್ಕ. ಹೊತ್ತಿಗೆ ಸರಿಯಾಗಿ ಚೈನ್ ಬದಲಿಸುತ್ತಿದ್ದರೆ ಒಂದೇ ಕ್ಯಾಸೆಟ್ ಎರಡು ಮೂರು ಚೈನಿಗೆ ಬಾಳಿಕೆ ಬರುತ್ತದೆ. ಕ್ಯಾಸೆಟ್ಟಿಗಿಂತ ಚೈನ್ ಅಗ್ಗ ಅಲ್ವಾ?

ಮತ್ತೊಂದು ಮಾತು. ಹೊಸ ಚೈನ್ ಸಾಮಾನ್ಯವಾಗಿ 116 ಕೊಂಡಿಯದು ಬರುತ್ತದೆ, ಅಳತೆಗೆ ಕತ್ತರಿಸಬೇಕು. ಹಳೇ ಚೈನಿನ ಪಕ್ಕದಲ್ಲಿ ತೂಗುಬಿಟ್ಟು ಉದ್ದ ನೋಡಿ ಕತ್ತರಿಸುವವರಿದ್ದಾರೆ. ನೂರಕ್ಕೆ ಒಂದರಷ್ಟು ಸವೆದ ಚೈನ್ ಒಂದಿಡೀ ಕೊಂಡಿಗಿಂತ ಜಾಸ್ತಿ ಉದ್ದ ಬೆಳೆದಿರುತ್ತದೆ. ಉದ್ದ ನೋಡಬೇಡಿ, ಕೊಂಡಿ ಎಣಿಸಿ. ಜೋಡಿಸುವಾಗಲೂ ಹೊರಗೆ ತಳ್ಳಿದ ಹಳೇ ಪಿನ್ನನ್ನೇ ಮತ್ತೆ ಒಳಗೆ ಒತ್ತಿಸಬೇಡಿ. ಅದರ ತುದಿಯ ಹಿಡಿತ ಆಗಲೇ ಹೋಗಿರುತ್ತದೆ. ನನ್ನ ಚೈನ್ ಒಮ್ಮೆ ಬೆಟ್ಟದ ನಂದಿಯ ಕೆಳಗಿನ ಏರಿನಲ್ಲಿ ತುಂಡಾಯಿತು. ಕೈಗೆತ್ತಿ ನೋಡಿದರೆ ಬಿಟ್ಟಿದ್ದು ಅಂಥದ್ದೇ ಜಾಗ. ನಿಮ್ಮ ಗಿಯರ್ ಲೆಕ್ಕಕ್ಕೆ ಸರಿಯಾದ ಕ್ವಿಕ್ ಲಿಂಕ್ (ಪಿನ್ ಒತ್ತದೆ ಚೈನ್ ಜೋಡಿಸುವ ಕೊಂಡಿ) ಹಾಕಿಸಿ. ಸೀಟಿನ ಕೆಳಗಿನ ಚೀಲದಲ್ಲಿ ಇನ್ನೊಂದು ಇಟ್ಟುಕೊಂಡಿರಿ.

ಪ್ರಶ್ನೆ: ನಮ್ಮದು ಮಂಡ್ಯ. ಮಗಳು 7 ಗಿಯರಿನ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಎರಡು ತಿಂಗಳ ಹಿಂದೆ ಕಬ್ಬಿನ ಗಾಡಿಗೆ ದಾರಿ ಬಿಡಲು ಹೋಗಿ ಬಿದ್ದಳು. ದೇವರ ದಯೆ, ಏನೂ ಆಗಲಿಲ್ಲ. ಆದರೆ ಆಮೇಲಿಂದ ಗಿಯರ್ ತಾನಾಗೇ ಬದಲಾಗುತ್ತಿದೆ. ಎರಡು ಸಲ ಕೇಬಲ್ ಹಾಕಿಸಿದೆವು. ಈಗ ಚೈನ್ ಬದಲಿಸಿ ಅನ್ನುತ್ತಿದ್ದಾರೆ.

ಉತ್ತರ: ಅಮ್ಮಾ, ಮೊದಲು ಒಂದು ಎಚ್ಚರಿಕೆ. ರಿಪೇರಿ ಆಗುವವರೆಗೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ, ಅಂದರೆ 1ನೇ ಗಿಯರಿಗೆ ಹಾಕಬೇಡ ಎಂದು ಮಗಳಿಗೆ ಹೇಳಿ. ಯಾಕೆ ಅಂತ ಹೇಳುತ್ತೇನೆ.

ಸೈಕಲ್ ಬಲಗಡೆಗೆ ಬಿದ್ದಿತ್ತು ಅಲ್ವಾ? ಹಾಗೆ ಬಿದ್ದಾಗ ನೆಲದ ಏಟು ತಿನ್ನುವುದು ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಅದು ನೇತಾಡುವ ಪುಟ್ಟ ಕಿವಿಯಂಥ ಲೋಹದ ತುಂಡಿಗೆ ಹ್ಯಾಂಗರ್ ಎನ್ನುತ್ತಾರೆ. ಏಟು ಬಿದ್ದರೆ ಅದು ಒಳಕ್ಕೆ, ಚಕ್ರದ ಕಡೆಗೆ ಬಾಗುತ್ತದೆ. ಎರಡು ಮೂರು ಮಿಲಿಮೀಟರ್ ಬಾಗಿದರೂ ಸಾಕು, ಎಷ್ಟು ಹೊಸ ಕೇಬಲ್ ಹಾಕಿದರೂ ಗಿಯರ್ ನಿಲ್ಲುವುದಿಲ್ಲ. ಒಂದು ಗಿಯರಿಗೆ ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ. 1ನೇ ಗಿಯರಿಗೆ ಹಾಕಿದಾಗ ಇಡೀ ಡಿರೇಲರ್ ಕಡ್ಡಿಗಳ ಒಳಗೆ ಸಿಕ್ಕಿಕೊಂಡು ಹಿಂದಿನ ಚಕ್ರ ನಿಂತೇ ಹೋಗಬಹುದು. ಅದಕ್ಕೇ ಆ ಎಚ್ಚರಿಕೆ.

ಮನೆಯಲ್ಲೇ ನೋಡಬಹುದು. ಸೈಕಲ್ ಸ್ಟ್ಯಾಂಡ್ ಹಾಕಿ, ಹಿಂದೆ ನೆಲದ ಮೇಲೆ ಕೂತುಕೊಳ್ಳಿ. ಡಿರೇಲರಿನಲ್ಲಿ ಮೇಲೊಂದು ಕೆಳಗೊಂದು ಪುಟ್ಟ ಚಕ್ರ ಇರುತ್ತವೆ. ಅವೆರಡೂ, ಅವುಗಳ ಮೇಲಿನ ಹಲ್ಲುಚಕ್ರವೂ ಒಂದೇ ಗೆರೆಯಲ್ಲಿ ನೆಟ್ಟಗೆ ಕಾಣಬೇಕು. ಕೆಳಗಿನದು ಕಡ್ಡಿಗಳ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಅಲ್ಯುಮಿನಿಯಂ ಫ್ರೇಮ್ ಆದರೆ ಹ್ಯಾಂಗರ್ ಬಿಡಿಯಾಗಿ ಬರುತ್ತದೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಆಕಾರ ಒಂದೊಂದು ಸೈಕಲ್ಲಿಗೆ ಒಂದೊಂದು. ಉಕ್ಕಿನ ಫ್ರೇಮ್ ಆದರೆ ಅಳತೆ ಕೋಲು ಹಾಕಿ ನೆಟ್ಟಗೆ ಮಾಡಬಲ್ಲ ಮೆಕ್ಯಾನಿಕ್ ಇದ್ದರೆ ಸಾಕು.

ಅದು ಸರಿಯಾದ ಮೇಲೆ ಕೇಬಲ್ ಹೊಂದಿಸುವುದು ಸುಲಭ. ದೊಡ್ಡ ಚಕ್ರಕ್ಕೆ ಹತ್ತಲು ತಡವಾದರೆ ಡಿರೇಲರಿನ ಹಿಂದೆ ಕೇಬಲ್ ಒಳಹೋಗುವ ಜಾಗದ ತಿರುಪನ್ನು ಅಪ್ರದಕ್ಷಿಣವಾಗಿ ಅರ್ಧ ಸುತ್ತು ತಿರುಗಿಸಿ. ಸಣ್ಣ ಚಕ್ರಕ್ಕೆ ಇಳಿಯಲು ತಡವಾದರೆ ಪ್ರದಕ್ಷಿಣವಾಗಿ. ತಿರುಗಿಸಿದರೂ ಇಳಿಯುವುದು ನಿಧಾನವಾದರೆ ಕೇಬಲಿನ ಹೊರಕವಚದ ಒಳಗೆ ತುಕ್ಕು, ದೂಳು ಸೇರಿದೆ. ಒಳಗಿನ ತಂತಿ ಮಾತ್ರ ಬದಲಿಸಿ ಹಳೇ ಕವಚ ಬಿಡುವುದು ಸಾಮಾನ್ಯ. ಎರಡನ್ನೂ ಬದಲಿಸಲು ಹೇಳಿ. ಚೈನ್ ಅಳೆದು ನೋಡಿ, ಸರಿ ಇದ್ದರೆ ಮುಟ್ಟಬೇಡಿ.

ಪ್ರಶ್ನೆ: ನಾನು ಪಾಂಡವಪುರದ ಕಡೆಯವನು. ಗಿಯರ್ ಇಲ್ಲದ ಹಳೇ ಸೈಕಲ್ಲಿನಲ್ಲಿ ನಾಲೆ ಏರಿ ಮೇಲೆ ಡೇರಿಗೆ ಹಾಲು ಒಯ್ಯುತ್ತೇನೆ. ಚೈನ್ ಪದೇ ಪದೇ ಬೀಳುತ್ತದೆ. ಒಂದು ಸಲ ಕೊಂಡಿ ತೆಗೆಸಿ ಚಿಕ್ಕದು ಮಾಡಿಸಿದೆ. ಮತ್ತೆ ಅದೇ ಕತೆ. ಟ್ರ್ಯಾಕ್ಟರಿನಿಂದ ತೆಗೆದ ಆಯಿಲ್ಲನ್ನೇ ಹಾಕುತ್ತೇನೆ.

ಉತ್ತರ: ಅಣ್ಣಾ, ಕೊಂಡಿ ತೆಗೆಸುವಷ್ಟು ಚೈನ್ ಉದ್ದವಾಗಿತ್ತು ಎಂದರೆ ಅದರ ಆಯಸ್ಸು ಅವತ್ತೇ ಮುಗಿದಿತ್ತು. ಒಂದು ಜೋಡಿ ಕೊಂಡಿ ಎಂದರೆ ಒಂದಿಂಚು. ಆ ಒಂದಿಂಚು ಬಂದದ್ದು ಪಿನ್ನುಗಳ ಸವೆತದಿಂದಲೇ. ಉದ್ದ ಕಮ್ಮಿ ಮಾಡಿದರೂ ಉಳಿದ ಕೀಲುಗಳ ಸಡಿಲ ಹಾಗೇ ಇರುತ್ತದೆ. ಹೊಸ ಚೈನ್, ಹೊಸ ಫ್ರೀವೀಲ್ (ಹಿಂದಿನ ಹಲ್ಲುಚಕ್ರ) ಎರಡೂ ಒಟ್ಟಿಗೇ ಹಾಕಿಸಿ. ಗಿಯರ್ ಸೈಕಲ್ಲಿನ ಸಪೂರ ಚೈನ್ ಬೇಡ, ಗಿಯರ್ ಇಲ್ಲದ ಸೈಕಲ್ಲಿನ ಅಗಲದ್ದೇ ಕೇಳಿ. ಮುಂದಿನ ದೊಡ್ಡ ಹಲ್ಲುಚಕ್ರ ಇನ್ನೂ ಬಾಳಿಕೆ ಬಂದೀತು. ಹಲ್ಲು ಚೂಪಾಗಿ ಬಾಗಿದ್ದರೆ ಮಾತ್ರ ಬದಲಿಸಿ.

ಹಾಕಿದ ಮೇಲೆ ಪೆಡಲ್ ತಿರುಗಿಸುತ್ತಾ ಚೈನ್ ಎಲ್ಲಿ ಅತಿ ಬಿಗಿಯಾಗುತ್ತದೋ ಅಲ್ಲಿ ನಿಲ್ಲಿಸಿ. ಅಲ್ಲಿ ಬೆರಳಿನಿಂದ ಒತ್ತಿದರೆ ಮೇಲೆ ಕೆಳಗೆ ಸೇರಿ ಅರ್ಧ ಇಂಚು ಆಡಬೇಕು. ಅದಕ್ಕಿಂತ ಬಿಗಿ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುಗುಮುರುಗಾಗಿ ಹಾಕಿದರೆ ಕಲ್ಲಿಗೋ ಕಡ್ಡಿಗೋ ತಾಗಿ ಬಿಚ್ಚಿಕೊಳ್ಳುತ್ತದೆ.

ಟ್ರ್ಯಾಕ್ಟರಿನ ಹಳೇ ಆಯಿಲ್ ದಯವಿಟ್ಟು ಬಿಟ್ಟುಬಿಡಿ. ಅದರಲ್ಲಿ ಎಂಜಿನ್ನಿನ ಮಸಿ, ಲೋಹದ ಪುಡಿ ಎಲ್ಲ ಇರುತ್ತದೆ. ಏರಿಯ ಮೇಲಿನ ಮಣ್ಣು ಅದಕ್ಕೆ ಅಂಟಿಕೊಂಡರೆ ಚೈನಿಗೆ ದಿನಾ ಸಾಣೆ ಹಿಡಿದ ಹಾಗೆ. ತೆಂಗಿನೆಣ್ಣೆಯೂ ಬೇಡ, ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಇದ್ದರೂ ನಡೆಯುತ್ತದೆ. ತೆಳುವಾದ್ದರಿಂದ ಆಗಾಗ ಹಾಕಬೇಕು, ಅಷ್ಟೇ.

ಪ್ರಶ್ನೆ: ನನ್ನ 7 ಗಿಯರಿನ ಸೈಕಲ್ಲಿಗೆ 9 ಗಿಯರ್ ಹಾಕಿಸಬಹುದಾ? (ವಿಜಯನಗರ, ಮೈಸೂರು)

ಉತ್ತರ: ಹಿಂದಿನ ಚಕ್ರ ಬಿಚ್ಚಿ, ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ ನೋಡಿ. ನಡುವಿನ, ಸ್ಪ್ಯಾನರ್ ಕೂರುವ ತೋಡಿನ ಭಾಗವೂ ಜೊತೆಗೇ ತಿರುಗಿದರೆ ಕ್ಯಾಸೆಟ್. ಅದು ನಿಂತೇ ಇದ್ದು ಹಲ್ಲುಗಳು ಮಾತ್ರ ತಿರುಗಿದರೆ ತಿರುಪಿನಂತೆ ಸುತ್ತಿ ಕೂರಿಸಿದ ಫ್ರೀವೀಲ್. ಅಗ್ಗದ 7 ಗಿಯರಿನ ಸೈಕಲ್ಲುಗಳಲ್ಲಿ ಫ್ರೀವೀಲೇ ಜಾಸ್ತಿ. ಫ್ರೀವೀಲ್ ಇದ್ದರೆ 9ಕ್ಕೆ ಹೋಗಲು ಹಿಂದಿನ ಚಕ್ರ, ಶಿಫ್ಟರ್ (ಹ್ಯಾಂಡಲಿನಲ್ಲಿ ಗಿಯರ್ ಬದಲಿಸುವ ಭಾಗ), ಚೈನ್, ಕ್ಯಾಸೆಟ್, ಬಹುಶಃ ಡಿರೇಲರೂ ಹೊಸದು ಬೇಕು. ಆ ದುಡ್ಡಿಗೆ ಬೆಲೆ ಸಿಗುವುದಿಲ್ಲ. ಹೊಸ 7ರ ಫ್ರೀವೀಲ್, 6, 7, 8 ಗಿಯರಿಗೆ ಒಂದೇ ಆಗಿ ಬರುವ ಚೈನ್, ಹೊಸ ಕೇಬಲ್ ಹಾಕಿಸಿ. ಸೈಕಲ್ ಬೇರೆಯೇ ಆದಂತೆ ಓಡುತ್ತದೆ.

ಪ್ರಶ್ನೆ: ಆಯುಧಪೂಜೆಗೆ ಸೈಕಲ್ಲನ್ನು ವಾಟರ್ ಸರ್ವಿಸ್ ಮಾಡಿಸಿದೆ. ವಾರದೊಳಗೆ ಚೈನ್ ಕಿರುಗುಟ್ಟುತ್ತಿದೆ. ಡಬ್ಲ್ಯೂಡಿ-40 ಹೊಡೆದರೆ ಸಾಕಾ?

ಉತ್ತರ: ಬೈಕಿಗೆ ಹೊಡೆಯುವ ಒತ್ತಡದಲ್ಲಿ ಸೈಕಲ್ಲಿಗೆ ನೀರು ಹೊಡೆದರೆ ಕೀಲಿನ ಒಳಗಿದ್ದ ಎಣ್ಣೆಯೆಲ್ಲ ಹೊರಗೆ, ನೀರು ಒಳಗೆ. ಚಕ್ರದ ನಡುವಿನ ಹಬ್ಬಿನ ಬೇರಿಂಗಿಗೂ ಅದೇ ಗತಿ. ಮುಂದಿನ ವರ್ಷ ಬಕೆಟ್ಟು, ಬ್ರಷ್ಷು, ಸೋಪಿನ ನೀರು ಸಾಕು. ಸಾಮಾನ್ಯ ಡಬ್ಲ್ಯೂಡಿ-40 ನೀರು ಓಡಿಸಲು, ಕೊಳೆ ಬಿಡಿಸಲು ಒಳ್ಳೆಯದು. ಆದರೆ ಚೈನಿನೊಳಗೆ ಹೆಚ್ಚು ದಿನ ನಿಲ್ಲುವ ಎಣ್ಣೆಯಲ್ಲ.

ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಚೈನ್ ಒರೆಸಿ. ಬ್ರೇಕ್ ತಾಗುವ ಜಾಗಕ್ಕೆ ಒಂದು ಹನಿಯೂ ಬೀಳಬಾರದು. ಪೂರ್ತಿ ಆರಲು ಬಿಡಿ. ಆಮೇಲೆ ಪಿನ್ನಿನ ಸುತ್ತ ತಿರುಗುವ ಒಂದೊಂದು ರೋಲರಿನ ಮೇಲೆ ಒಂದೊಂದೇ ಹನಿ ಚೈನ್ ಲ್ಯೂಬ್, ನೂರಕ್ಕೂ ಹೆಚ್ಚು ಹನಿ, ತಾಳ್ಮೆಯಿಂದ. ಪೆಡಲ್ ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ. ರಾತ್ರಿ ಹಾಗೇ ಬಿಡಿ, ಎಣ್ಣೆ ಒಳಗಿಳಿಯುತ್ತದೆ. ಬೆಳಗ್ಗೆ ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು, ಬೆರಳಿಗೆ ಕಪ್ಪು ಹತ್ತದಷ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಆಮೇಲೆ ಓಡಿಸಿ.