ನೀರಿನ ವೆಲ್‌ನಲ್ಲಿ ವೈರಸ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ವಿಜಯಪುರದ ಲ್ಯಾಬೊಂದರಲ್ಲಿ ಟೆಕ್ನಿಷಿಯನ್. ಆರ್‌ಟಿ-ಪಿಸಿಆರ್ ಪ್ಲೇಟಿನಲ್ಲಿ ಬರೀ ನೀರು ಹಾಕಿದ ಕಂಟ್ರೋಲ್ ವೆಲ್‌ನಲ್ಲೂ (ಏನೂ ಸಿಗಬಾರದ ಪುಟ್ಟ ಕುಳಿಯಲ್ಲೂ) ಸಿಟಿ 36 ಬರುತ್ತಿದೆ, ಅಂದರೆ 36ನೇ ಸೈಕಲ್‌ಗೆ ವೈರಸ್ಸಿನ ಗೆರೆ ಏಳುತ್ತಿದೆ. ಸ್ಪಿರಿಟ್ ಹಚ್ಚಿ ಟೇಬಲ್ ಒರೆಸಿದರೂ ಹೋಗಲಿಲ್ಲ. ವೈರಸ್ ಇಷ್ಟು ಕಡಿಮೆ ಇದ್ದರೆ ರಿಪೋರ್ಟ್ ಕೊಡಬಹುದೇ ಸರ್?

ಉತ್ತರ: ಕೊಡಬೇಡಿ, ಪ್ಲೇಟ್ ಮತ್ತೆ ಹಾಕಿ. ಸಿಟಿ 34–37ರ ರೋಗಿಗೆ ಸೋಂಕಿದೆಯೋ, ಅದು ನಿಮ್ಮ ಲ್ಯಾಬಿನ ಕಲಬೆರಕೆಯೋ ಈಗ ಹೇಳಲಾಗದು. ಪ್ರತಿ ಸೈಕಲ್‌ಗೆ ಡಿಎನ್‌ಎ ಇಮ್ಮಡಿಯಾಗುತ್ತದೆ, ಹಾಗಾಗಿ ಸಿಟಿ ಹೆಚ್ಚಿದ್ದಷ್ಟೂ ವೈರಸ್ ಕಡಿಮೆ. ಸಿಟಿ 18ಕ್ಕೂ 36ಕ್ಕೂ ಸುಮಾರು 2.6 ಲಕ್ಷ ಪಟ್ಟು ಅಂತರ. ಸಿಟಿ 18ರ ಮಾದರಿಯ 2.6 ಲಕ್ಷದಲ್ಲೊಂದು ಪಾಲು ನೀರಿಗೆ ಬಿದ್ದರೂ ಈ ಗೆರೆ ಏಳುತ್ತದೆ.

ಸ್ಪಿರಿಟ್ ವೈರಸ್ಸನ್ನು ಕೊಲ್ಲುತ್ತದೆ, ಡಿಎನ್‌ಎಯನ್ನು ಮುರಿಯುವುದಿಲ್ಲ. ಅದಕ್ಕೆ ಬ್ಲೀಚೇ ಬೇಕು. 5% ಹೈಪೋಕ್ಲೋರೈಟ್ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅಂದಂದೇ ಕಲಸಿದ್ದು. ಹಚ್ಚಿ 10 ನಿಮಿಷ ಬಿಟ್ಟು ಡಿಸ್ಟಿಲ್ಡ್ ನೀರಿನಿಂದ ಒರೆಸಿ. ನಮ್ಮ ಕಡೆಯ ಬೇಸಿಗೆಗೆ ಹೈಪೋಕ್ಲೋರೈಟ್ ಬಾಟಲಿಯಲ್ಲೇ ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಚಿಕ್ಕ ಬಾಟಲಿ ತರಿಸಿ ತಂಪು ಕತ್ತಲಲ್ಲಿಡಿ. ಲೈಸಿಸ್ ಬಫರ್ (ವೈರಸ್ಸನ್ನು ಒಡೆಯುವ ದ್ರಾವಣ) ಚೆಲ್ಲಿದಲ್ಲಿ ಮಾತ್ರ ಬ್ಲೀಚ್ ಸುರಿಯಲೇಬೇಡಿ: ಅದರಲ್ಲಿನ ಗ್ವಾನಿಡಿನ್ ಲವಣಕ್ಕೆ ಬ್ಲೀಚ್ ಸೇರಿದರೆ ವಿಷಾನಿಲ ಏಳುತ್ತದೆ. ಮೊದಲು ಸೋಪು ನೀರಿನಿಂದ ತೊಳೆಯಿರಿ.

ಇನ್ನು ಮೂಲ ಹುಡುಕುವುದು. ಮಾದರಿಯ ಬದಲು ನೀರನ್ನೇ ಎಕ್ಸ್‌ಟ್ರ್ಯಾಕ್ಷನ್ (ಆರ್‌ಎನ್‌ಎ ಬೇರ್ಪಡಿಸುವ ಹಂತ) ಮಾಡಿ ಒಂದು ವೆಲ್‌ಗೆ ಹಾಕಿ. ಇನ್ನು ನಾಲ್ಕು ವೆಲ್‌ಗೆ ಮಿಕ್ಸ್ (ಪಿಸಿಆರ್ ರಾಸಾಯನಿಕಗಳ ಮಿಶ್ರಣ) ಜೊತೆ ನೇರ ನೀರು. ಮೊದಲನೆಯದಷ್ಟೇ ಎದ್ದರೆ ದೋಷ ಎಕ್ಸ್‌ಟ್ರ್ಯಾಕ್ಷನ್‌ನಲ್ಲಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಿಟಿಗೆ ಎದ್ದರೆ ಮಿಕ್ಸ್, ಪ್ರೈಮರ್ (ವೈರಸ್ ಗುರುತಿಸುವ ಡಿಎನ್‌ಎ ತುಣುಕು) ಇಲ್ಲವೇ ನೀರೇ ಕೆಟ್ಟಿದೆ. ದುಬಾರಿ ಅಂತ ಉಳಿಸಿಕೊಳ್ಳಬೇಡಿ, ತೆರೆದ ವಯಲ್‌ಗಳನ್ನೆಲ್ಲ ಎಸೆಯಿರಿ. ನಾಲ್ಕರಲ್ಲಿ ಒಂದೇ ಎದ್ದರೆ ಪಿಪೆಟ್ ಅಥವಾ ಗಾಳಿಯ ಕೆಲಸ. 15 ಮೈಕ್ರೋಲೀಟರ್ ಮಿಕ್ಸಿಗೆ 5 ಮೈಕ್ರೋಲೀಟರ್ ಆರ್‌ಎನ್‌ಎ ಹಾಕುವಾಗ ಸೆಕೆಗೆಂದು ಮೇಲೆ ಫ್ಯಾನ್ ತಿರುಗುತ್ತಿದ್ದರೆ ಇವತ್ತೇ ನಿಲ್ಲಿಸಿ. ಫಿಲ್ಟರ್ ಟಿಪ್ಪೇ ಬಳಸಿ. ಪಾಸಿಟಿವ್ ಕಂಟ್ರೋಲ್ (ಪಾಸಿಟಿವ್ ಎಂದು ಗೊತ್ತಿರುವ ಮಾದರಿ) ಎಲ್ಲದರ ಕೊನೆಗೆ, ನೀರಿನ ವೆಲ್ ಮುಚ್ಚಿದ ಮೇಲೆ ಹಾಕಿ. ರನ್ ಮುಗಿದ ಪ್ಲೇಟಿನ ಸೀಲ್ ಎಂದೂ ಬಿಚ್ಚಬೇಡಿ, ಆಟೋಕ್ಲೇವ್‌ಗೂ (ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರಕ್ಕೂ) ಹಾಕಬೇಡಿ. ಅದರಲ್ಲಿರುವ ಕೋಟ್ಯಂತರ ಪ್ರತಿಗಳು ಕೋಣೆಗೆಲ್ಲ ಹರಡಿಬಿಡುತ್ತವೆ.

ಪ್ರಶ್ನೆ: ಜ್ವರ ಶುರುವಾಗಿ ಎಂಟು ದಿನ. ಡೆಂಗಿ ಪಿಸಿಆರ್ ಮಾಡಿಸಲೇ? (ಇಳಕಲ್)

ಉತ್ತರ: ಈಗ ಐಜಿಎಂ ಎಲಿಸಾ (ಸೋಂಕಿಗೆ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ) ಮಾಡಿಸಿ. ಡೆಂಗಿಯ ಆರ್‌ಎನ್‌ಎ ರಕ್ತದಲ್ಲಿ ಚೆನ್ನಾಗಿ ಸಿಗುವುದು ಮೊದಲ ಐದು ದಿನ. ಎಂಟನೇ ದಿನ ಪಿಸಿಆರ್ ನೆಗೆಟಿವ್ ಬಂದರೆ ಡೆಂಗಿ ಇಲ್ಲವೆಂದು ಹೇಳಲಾಗದು.